ಅರಸರ ಅಂಗಳದಲ್ಲಿ ನಮ್ಮ ಮಕ್ಕಳು

ಭೂಮಿಯಲ್ಲಿ ಸಂಚರಿಸಿ, ಮುನ್ನಿನ ಜನಾಂಗಗಳ ಅಂತ್ಯ ಏನಾಯಿತೆಂಬುದನ್ನು ಕಂಡುಕೊಳ್ಳುವಂತೆ ಪವಿತ್ರ ಕುರ್‌ಆನ್ ಹಲವು ಕಡೆ ಮನುಷ್ಯನನ್ನು ಕರೆಯುತ್ತದೆ. ಈ ಕರೆ ಕಟ್ಟಡಗಳ ಸೊಬಗನ್ನು ಸವಿಯುವುದಕ್ಕಷ್ಟೇ ಸೀಮಿತವಾದುದಲ್ಲ. ಕಂಡದ್ದರಿಂದ ಪಾಠ ಕಲಿಯುವುದು, ಅಂದರೆ ‘ಇಬ್ರತ್’ ಪಡೆಯುವುದು ಅದರ ಉದ್ದೇಶ. ತಬೂಕ್ ಯಾತ್ರೆಯ ಹಾದಿಯಲ್ಲಿ ಪ್ರವಾದಿ(ಸ.ಅ)ರು ಸಮೂದ್ ಜನಾಂಗದ ಪಾಳುಬಿದ್ದ ವಸತಿಯಾದ ಹಿಜ್ರನ್ನು ಹಾದುಹೋಗಬೇಕಾಯಿತು. ಬಂಡೆ ಕೊರೆದು ಮಾಡಿದ ಆ ಮನೆಗಳ ನಡುವೆ ಭಯಭಕ್ತಿಯಿಲ್ಲದೆ, ಕಣ್ಣು ತೇವವಾಗದೆ ಪ್ರವೇಶಿಸಬಾರದೆಂದು ಅವರು ಸಂಗಾತಿಗಳನ್ನು ಎಚ್ಚರಿಸಿದರು. ಅಳಿದುಹೋದ ವೈಭವದ ಮುಂದೆ ವಿಶ್ವಾಸಿಯ ನಿಲುವು ಹೇಗಿರಬೇಕೆಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನ ಬೇಕಿಲ್ಲ.

ಇಂದು ಪ್ರವಾಸ ಸುಲಭವಾಗಿದೆ. ದಸರಾ ರಜೆ ಬಂತೆಂದರೆ ಕರಾವಳಿಯ ಹಳ್ಳಿ ಹಳ್ಳಿಗಳಿಂದ ವಾಹನಗಳು ಘಟ್ಟ ಹತ್ತುತ್ತವೆ. ಬೆಳಿಗ್ಗೆ ಅರಮನೆ, ಮಧ್ಯಾಹ್ನ ಮೃಗಾಲಯ, ಸಂಜೆ ಬೃಂದಾವನ, ರಾತ್ರಿ ಹಿಂದಿರುಗುವ ದಾರಿ. ಮೊಬೈಲಿನಲ್ಲಿ ನೂರಾರು ಚಿತ್ರಗಳು ಉಳಿಯುತ್ತವೆ, ಮಕ್ಕಳ ಮನಸ್ಸಿನಲ್ಲಿ ಐಸ್‌ಕ್ರೀಮಿನ ರುಚಿ ಉಳಿಯುತ್ತದೆ. ಅದು ತಪ್ಪಲ್ಲ, ಮಕ್ಕಳು ಮಕ್ಕಳೇ. ಆದರೆ ಅರಸರು ಬಾಳಿದ, ಕಾದಿದ, ಮಡಿದ ನೆಲದ ಮೇಲೆ ಎಳೆಯ ಮಕ್ಕಳನ್ನು ನಡೆಸಿಕೊಂಡು ಹೋಗುವ ತಂದೆ ತಾಯಿಯರ ಮೇಲೆ ಒಂದು ಹೊಣೆಯೂ ಇದೆ. ಅಲ್ಲಿ ಮಗು ಕೇಳುವ ಮೊದಲ ಪ್ರಶ್ನೆಗೆ ನಾವು ಏನು ಉತ್ತರಿಸುತ್ತೇವೆಯೋ ಅದು ಅದರ ಬಾಳಿನುದ್ದಕ್ಕೂ ಇತಿಹಾಸವಾಗಿ ಉಳಿಯುತ್ತದೆ. ಈ ಹೊಣೆಯ ಕುರಿತು, ನಮ್ಮ ಕುಟುಂಬದ ಕೆಲವು ಪ್ರಯಾಣಗಳನ್ನು ನೆಪವಾಗಿಟ್ಟುಕೊಂಡು, ಕೆಲವು ವಿಚಾರಗಳನ್ನು ಓದುಗರ ಮುಂದಿಡುತ್ತಿದ್ದೇವೆ.

ಮನೆಯ ಸಮೀಪದಿಂದಲೇ ಆರಂಭ

ಅರಮನೆ ಎಂದೊಡನೆ ನಮ್ಮ ಮನಸ್ಸು ಮೈಸೂರಿಗೆ ಹಾರುತ್ತದೆ. ತೋಡಾರಿನಂತಹ ಊರಿನಲ್ಲಿ ವಾಸಿಸುವ ನಮಗೆ ಅಷ್ಟು ದೂರ ಹೋಗುವ ಅಗತ್ಯವೇ ಇಲ್ಲ. ನಮ್ಮ ಸುತ್ತಲೇ ಪುತ್ತಿಗೆ ಮತ್ತು ಮೂಡುಬಿದಿರೆಯ ಚೌಟರು, ವೇಣೂರಿನ ಅಜಿಲರು, ಬಂಗಾಡಿಯ ಬಂಗರು ಆಳಿ ಹೋಗಿದ್ದಾರೆ. ಮೂಡುಬಿದಿರೆಯ ಚೌಟರ ಅರಮನೆಯಲ್ಲಿ ಮರದ ಕೆತ್ತನೆಯ ಕಂಬಗಳು ಇಂದಿಗೂ ನಿಂತಿವೆ. ಒಂಬತ್ತು ಸ್ತ್ರೀಯರ ಆಕೃತಿಗಳು ಹೆಣೆದುಕೊಂಡು ಆನೆಯಾಗಿರುವ ‘ನವನಾರಿ ಕುಂಜರ’, ಐವರು ಕೂಡಿ ಕುದುರೆಯಾಗಿರುವ ‘ಪಂಚನಾರಿ ತುರಗ’ ಎಂಬ ಎರಡು ಕೆತ್ತನೆಗಳು ಪ್ರಸಿದ್ಧವಾಗಿವೆ. ಮಕ್ಕಳಿಗೆ ಮೊದಲು ಆನೆ ಕಾಣುತ್ತದೆ. ಬಳಿಕ ಒಂದೊಂದೇ ಆಕೃತಿಯನ್ನು ಅವರು ಹುಡುಕತೊಡಗುತ್ತಾರೆ. ಒಂದೇ ನೋಟಕ್ಕೆ ಕಂಡದ್ದು ಪೂರ್ಣ ಸತ್ಯವಲ್ಲ, ಹತ್ತಿರ ನಿಂತು ತಾಳ್ಮೆಯಿಂದ ನೋಡಿದರೆ ಒಂದರೊಳಗೆ ಹಲವು ಇರುತ್ತವೆ ಎಂಬ ಪಾಠವನ್ನು ಕಲಿಸಲು ಇದಕ್ಕಿಂತ ಒಳ್ಳೆಯ ಕರಿಹಲಗೆ ನಮಗೆ ಸಿಕ್ಕಿಲ್ಲ. ಚೌಟ ವಂಶಸ್ಥರ ಮನೆಯೂ ಅದೇ ಆಗಿರುವುದರಿಂದ, ಅನುಮತಿ ಕೇಳಿ, ಮೆಲುದನಿಯಲ್ಲಿ ಮಾತನಾಡಿ, ಅತಿಥಿಗಳಂತೆ ವರ್ತಿಸಬೇಕೆಂಬುದು ಎರಡನೆಯ ಪಾಠ.

ಅಲ್ಲಿಂದ ಅನತಿ ದೂರದಲ್ಲಿರುವ ಸಾವಿರ ಕಂಬದ ಬಸದಿ 1430ರಲ್ಲಿ ನಿರ್ಮಾಣವಾದುದು. ಆಗ ವಿಜಯನಗರದಲ್ಲಿ ಎರಡನೆಯ ದೇವರಾಯನ ಆಳ್ವಿಕೆ. ಬೇರೆ ಧರ್ಮದವರ ಆರಾಧನಾಲಯಕ್ಕೆ ಮಕ್ಕಳನ್ನು ಕರೆದೊಯ್ದು ನೋಡಿಸಬಹುದೇ ಎಂದು ಕೆಲವರು ನಮ್ಮನ್ನು ಕೇಳುವುದುಂಟು. ಆರಾಧನೆ ಬೇರೆ, ಅರಿವು ಬೇರೆ. ತೈಮೂರನ ಮಗ ಶಾರುಖನ ರಾಯಭಾರಿಯಾಗಿ ಬಂದ ಅಬ್ದುಲ್ ರಝಾಕ್ 1443ರಲ್ಲಿ ಕಲ್ಲಿಕೋಟೆಯಿಂದ ಮಂಗಳೂರಿಗೆ ಬಂದು, ಅಲ್ಲಿಂದ ಘಟ್ಟ ಹತ್ತಿ ವಿಜಯನಗರಕ್ಕೆ ಸಾಗಿದ. ಮಂಗಳೂರಿನಿಂದ ಕೆಲವೇ ಮೈಲಿ ದೂರದಲ್ಲಿ ಕಂಡ ದೇಗುಲವೊಂದರ ಲೋಹದ ಕೆಲಸವನ್ನು ಆತ ತನ್ನ ಬರಹದಲ್ಲಿ ಬೆರಗಿನಿಂದ ವರ್ಣಿಸಿದ್ದಾನೆ. ತನ್ನ ವಿಶ್ವಾಸದಲ್ಲಿ ಗಟ್ಟಿಯಾಗಿದ್ದವನಿಗೆ ಮತ್ತೊಬ್ಬರ ಕೈಚಳಕವನ್ನು ಮೆಚ್ಚಲು ಅಂಜಿಕೆ ಇರಲಿಲ್ಲ. ನಮ್ಮ ಮಕ್ಕಳಿಗೂ ಅದೇ ಧೈರ್ಯ ಇರಲಿ ಎಂಬುದು ನಮ್ಮ ಹಾರೈಕೆ.

ಚೌಟರ ಕಥೆ ಹೇಳುವಾಗ ಉಳ್ಳಾಲವನ್ನು ಬಿಡುವಂತಿಲ್ಲ. ಪೋರ್ಚುಗೀಸರನ್ನು ಎದುರಿಸಿ ನಿಂತ ರಾಣಿ ಅಬ್ಬಕ್ಕ ಇದೇ ವಂಶದವಳು. 1623ರಲ್ಲಿ ಇಟಲಿಯ ಪ್ರವಾಸಿ ಪಿಯೆತ್ರೊ ದೆಲ್ಲಾ ವಾಲ್ಲೆ ಉಳ್ಳಾಲದ ರಾಣಿಯನ್ನು ಭೇಟಿಯಾದಾಗ ಆಕೆ ಸಿಂಹಾಸನದ ಮೇಲಿರಲಿಲ್ಲ. ಸಾದಾ ಹತ್ತಿ ಬಟ್ಟೆಯುಟ್ಟು, ಬರಿಗಾಲಿನಲ್ಲಿ ನಡೆಯುತ್ತ, ನೀರಿನ ಕಾಲುವೆಯ ಕೆಲಸವನ್ನು ನೋಡಿಕೊಳ್ಳಲು ಹೊರಟಿದ್ದಳು. ಈ ಪ್ರಸಂಗವನ್ನು ಕೇಳಿದ ನಮ್ಮ ಹತ್ತು ವರ್ಷದ ಮಗಳು, “ಹಾಗಾದರೆ ರಾಣಿಗೂ ಕೆಲಸ ಇರುತ್ತದಾ ಉಪ್ಪಾ?” ಎಂದು ಕೇಳಿದಳು. ಕಿರೀಟ ಮತ್ತು ಒಡವೆಯ ಕಾರ್ಟೂನು ರಾಣಿಯರನ್ನು ಮಾತ್ರ ಬಲ್ಲ ಈ ಕಾಲದ ಮಕ್ಕಳಿಗೆ ಕಾಲುವೆಯ ರಾಣಿಯನ್ನು ಪರಿಚಯಿಸುವುದು ಅಗತ್ಯ. ಅಧಿಕಾರವೆಂದರೆ ಅಮಾನತ್ತು, ಪ್ರತಿಯೊಬ್ಬ ಪಾಲಕನೂ ತನ್ನ ಪಾಲನೆಯಲ್ಲಿರುವವರ ಕುರಿತು ವಿಚಾರಿಸಲ್ಪಡುತ್ತಾನೆ ಎಂಬ ಪ್ರವಾದಿ ಬೋಧನೆಯನ್ನು ನಾವು ಮದ್ರಸಾದಲ್ಲಿ ಕಲಿಸುತ್ತೇವೆ. ಕಾಲುವೆಯ ದಂಡೆಯ ಮೇಲೆ ನಿಂತ ರಾಣಿಯ ಚಿತ್ರ ಆ ಬೋಧನೆಯನ್ನು ಮಕ್ಕಳ ಕಣ್ಣ ಮುಂದೆ ತಂದು ನಿಲ್ಲಿಸುತ್ತದೆ.

ಗಡಾಯಿಕಲ್ಲಿನ ಮೆಟ್ಟಿಲುಗಳು

ಬೆಳ್ತಂಗಡಿಯ ಬಳಿ ಏಕಶಿಲೆಯಂತೆ ಎದ್ದು ನಿಂತ ಗಡಾಯಿಕಲ್ಲನ್ನು ನೋಡದವರು ನಮ್ಮ ಸೀಮೆಯಲ್ಲಿ ವಿರಳ. ಅದರ ನೆತ್ತಿಯಲ್ಲಿರುವುದೇ ಜಮಾಲಾಬಾದ್ ಕೋಟೆ. ಹಳೆಯ ನೆಲೆಯೊಂದಿದ್ದ ಜಾಗದಲ್ಲಿ ಟಿಪ್ಪು ಸುಲ್ತಾನ್ 1794ರಲ್ಲಿ ಇದನ್ನು ಕಟ್ಟಿಸಿದ. ತನ್ನ ತಾಯಿ ಜಮಾಲ್ ಬೀಯವರ ಹೆಸರನ್ನು ಇಟ್ಟನೆಂಬುದು ಜನಜನಿತವಾದ ಮಾತು. ಕಲ್ಲಿನಲ್ಲಿ ಕಡಿದ ಸಾವಿರಕ್ಕೂ ಮಿಕ್ಕಿದ ಮೆಟ್ಟಿಲುಗಳ ಒಂದೇ ಇಕ್ಕಟ್ಟಾದ ದಾರಿ. ಮೇಲೆ ಶಿಥಿಲ ಗೋಡೆಗಳು, ಮಳೆನೀರಿನ ಕೆರೆ, ಸುತ್ತಲೂ ಕುದುರೆಮುಖದ ಬೆಟ್ಟಸಾಲು. ಇಂದು ಇದು ಅರಣ್ಯ ಇಲಾಖೆಯ ವ್ಯಾಪ್ತಿಯಲ್ಲಿದೆ. ಮಳೆಗಾಲದಲ್ಲಿ ಕಲ್ಲು ಜಾರುವುದರಿಂದ ಮಕ್ಕಳೊಂದಿಗೆ ಹತ್ತುವ ವಿಚಾರವನ್ನೇ ಮಾಡಬಾರದು.

ಚಳಿಗಾಲದ ಒಂದು ಬೆಳಿಗ್ಗೆ, ಸುಬ್‌ಹಿ ನಮಾಝ್ ಮುಗಿಸಿ ನಾವು ಹೊರಟೆವು. ನಾಲ್ಕು ವರ್ಷದ ಕಿರಿಯ ಮಗಳು ತಾಯಿಯೊಂದಿಗೆ ಬೆಟ್ಟದ ಬುಡದಲ್ಲೇ ಉಳಿದಳು. ಹಿರಿಯ ಮಗಳು ಹಾಗೂ ಏಳು ವರ್ಷದ ಮಗ ನಮ್ಮೊಂದಿಗೆ ಹತ್ತಿದರು. ಮಗ ಮೆಟ್ಟಿಲುಗಳನ್ನು ಎಣಿಸತೊಡಗಿದವನು ಮುನ್ನೂರರ ಆಚೆ ಲೆಕ್ಕ ತಪ್ಪಿ ಕುಳಿತ. ಅಲ್ಲಿ ಕುಳಿತಲ್ಲೇ ನಾವು ಅವನಿಗೊಂದು ಪ್ರಶ್ನೆ ಕೇಳಿದೆವು. ಬರಿಗೈಯಲ್ಲಿ ಹತ್ತುವುದೇ ಇಷ್ಟು ಕಷ್ಟವಾದರೆ, ಈ ಗೋಡೆಯ ಕಲ್ಲುಗಳನ್ನು ಮೇಲಕ್ಕೆ ಹೊತ್ತವರು ಯಾರು? ಅವನು ಬಹಳ ಹೊತ್ತು ಯೋಚಿಸಿ, “ಅವರ ಹೆಸರು ಎಲ್ಲೂ ಬರೆದಿಲ್ಲವಲ್ಲ” ಎಂದ. ನಿಜ. ಕೋಟೆಗೆ ಅರಸನ ತಾಯಿಯ ಹೆಸರಿದೆ. ಬೆವರು ಸುರಿಸಿದವರ ಹೆಸರು ಅಲ್ಲಾಹನ ದಫ್ತರಿನಲ್ಲಿ ಮಾತ್ರ ಇದೆ. ಯಾವುದೇ ರಾಜಸ್ಥಳಕ್ಕೆ ಹೋದರೂ ‘ಕಟ್ಟಿಸಿದವರು ಯಾರು’ ಎಂದು ಕೇಳುವುದರೊಂದಿಗೆ ‘ಕಟ್ಟಿದವರು ಯಾರು’ ಎಂದು ಕೇಳಲು ಮಕ್ಕಳಿಗೆ ಕಲಿಸಬೇಕು.

1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಬಳಿಕ ಈ ದುರ್ಗಮ ಕೋಟೆಯೂ ಬ್ರಿಟಿಷರ ವಶವಾಯಿತು. ಇಷ್ಟು ಎತ್ತರದ ಕೋಟೆ ಕಟ್ಟಿಯೂ ಆಳ್ವಿಕೆ ಅದರಿಂದ ಐದು ವರ್ಷ ಮಾತ್ರ ಬಾಳಿತು. ವ್ಯಕ್ತಿಗಳಿಗೆ ಆಯುಸ್ಸಿರುವಂತೆ ರಾಜ್ಯಗಳಿಗೂ ಆಯುಸ್ಸಿದೆಯೆಂದು ಇಬ್ನು ಖಲ್ದೂನ್ ಬರೆದರು. ಅದು ಸಾಮಾನ್ಯವಾಗಿ ಮೂರು ತಲೆಮಾರು ಮೀರದೆಂಬುದು ಅವರ ಅಭಿಮತ. ಹೈದರ್ ಅಲಿ ಅಧಿಕಾರ ಹಿಡಿದ 1761ರಿಂದ ಲೆಕ್ಕ ಹಾಕಿದರೆ, ಈ ರಾಜ್ಯ ಎರಡು ತಲೆಮಾರು, 38 ವರ್ಷಗಳಷ್ಟೇ ಉಳಿಯಿತು.

ಘಟ್ಟದ ದಾರಿಯಲ್ಲಿ ಎದ್ದ ಪ್ರಶ್ನೆ

ಕಳೆದ ದಸರಾ ರಜೆಯಲ್ಲಿ ಮಡಿಕೇರಿಯ ಮೂಲಕ ಶ್ರೀರಂಗಪಟ್ಟಣಕ್ಕೆ ಹೋಗುವುದೆಂದು ತೀರ್ಮಾನಿಸಿದೆವು. ಸಂಪಾಜೆ ಘಾಟಿಯ ತಿರುವುಗಳಲ್ಲಿ ಮಗ ಇದ್ದಕ್ಕಿದ್ದಂತೆ ಕೇಳಿದ: “ಉಪ್ಪಾ, ಟಿಪ್ಪು ಒಳ್ಳೆಯವನಾ, ಕೆಟ್ಟವನಾ? ನಮ್ಮ ಕ್ಲಾಸಿನ ಹುಡುಗ ‘ನಿಮ್ಮ ರಾಜ’ ಚರ್ಚುಗಳನ್ನು ಒಡೆದನೆಂದು ಹೇಳಿದ. ಅವನು ನಮ್ಮ ರಾಜನಾ?”

ವಾಹನದಲ್ಲಿ ಒಂದು ಕ್ಷಣ ಮೌನ. ನಮ್ಮ ಕಾಲದ ಮುಸ್ಲಿಂ ತಂದೆ ತಾಯಿಯರೆಲ್ಲರ ಮನೆಯಲ್ಲಿ ಒಂದಲ್ಲ ಒಂದು ದಿನ ಈ ಪ್ರಶ್ನೆ ಎದ್ದೇ ಏಳುತ್ತದೆ. ಎರಡು ಸುಲಭದ ಉತ್ತರಗಳಿವೆ. ‘ಅದೆಲ್ಲ ಸುಳ್ಳು, ಆತ ವಲಿಯಂಥವನು’ ಎಂಬುದು ಒಂದು. ‘ಅದರ ಗೊಡವೆ ನಮಗೆ ಬೇಡ, ಸುಮ್ಮನಿರು’ ಎಂಬುದು ಇನ್ನೊಂದು. ಮೊದಲನೆಯದು ಮಗುವನ್ನು ಅಸತ್ಯದ ಮೇಲೆ ನಿಲ್ಲಿಸುತ್ತದೆ. ದೊಡ್ಡವನಾದ ಮೇಲೆ ಪುಸ್ತಕ ತೆರೆದಾಗ ಅವನು ನಮ್ಮನ್ನೂ, ನಾವು ಹೇಳಿಕೊಟ್ಟ ಉಳಿದೆಲ್ಲವನ್ನೂ ಸಂಶಯಿಸಲಾರಂಭಿಸುತ್ತಾನೆ. ಎರಡನೆಯದು ಅವನಿಗೆ ಅಂಜಿಕೆಯನ್ನು ಕಲಿಸುತ್ತದೆ. ನಾವು ಮಗನಿಗೆ, “ಮಡಿಕೇರಿ ತಲುಪಿ ಕೋಟೆ ನೋಡು. ನಾಳೆ ಶ್ರೀರಂಗಪಟ್ಟಣವನ್ನೂ ನೋಡು. ಮತ್ತೆ ಇಬ್ಬರೂ ಸೇರಿ ಉತ್ತರ ಹುಡುಕೋಣ” ಎಂದೆವು.

ಮಡಿಕೇರಿಯ ಕೋಟೆ ಈ ಪಾಠಕ್ಕೆ ತಕ್ಕ ಸ್ಥಳ. ಮುದ್ದುರಾಜ ಮಣ್ಣಿನಿಂದ ಕಟ್ಟಿಸಿದ ಕೋಟೆಯನ್ನು ಟಿಪ್ಪು ಕಲ್ಲಿನಿಂದ ಮರುಕಟ್ಟಿ ಜಾಫರಾಬಾದ್ ಎಂದು ಕರೆದ. 1790ರಲ್ಲಿ ಅದು ದೊಡ್ಡವೀರರಾಜೇಂದ್ರನ ಕೈ ಸೇರಿತು. 1812ರಿಂದ 1814ರವರೆಗೆ ಲಿಂಗರಾಜೇಂದ್ರ ಅರಮನೆಯನ್ನು ನವೀಕರಿಸಿದ. ಅಂಗಳದಲ್ಲಿರುವ ಗಾರೆಯ ಎರಡು ಆನೆಗಳು ನಿಜವಾದ ಆನೆಯಷ್ಟೇ ಎತ್ತರ. ನಮ್ಮ ಕಿರಿಯವಳು ಅವುಗಳ ಬಳಿಯಿಂದ ಕದಲಲು ಒಪ್ಪಲಿಲ್ಲ. ಒಂದೇ ಕೋಟೆಗೆ ಎಷ್ಟು ಒಡೆಯರು, ಎಷ್ಟು ಹೆಸರುಗಳು! ಆ ಆನೆಗಳ ನೆರಳಿನಲ್ಲಿ ನಿಂತು ನಾವು ಹಿರಿಯ ಮಕ್ಕಳಿಬ್ಬರಿಗೆ ಮುಚ್ಚುಮರೆಯಿಲ್ಲದೆ ಹೇಳಿದೆವು: ಈ ನಾಡಿನ ಜನ ಟಿಪ್ಪುವಿನ ಆಳ್ವಿಕೆಯನ್ನು ಒಪ್ಪದೆ ಮತ್ತೆ ಮತ್ತೆ ಬಂಡೆದ್ದರು. ಆತ ಸಾವಿರಾರು ಕೊಡವರನ್ನು ಸೆರೆಹಿಡಿದು ಶ್ರೀರಂಗಪಟ್ಟಣಕ್ಕೆ ಸಾಗಿಸಿದ. ಆ ನೋವು ಇಲ್ಲಿನ ಮನೆಗಳಲ್ಲಿ ಇಂದಿಗೂ ಜೀವಂತವಾಗಿದೆ. ನಮ್ಮ ಮಂಗಳೂರಿನಲ್ಲಿಯೂ, ಯುದ್ಧದಲ್ಲಿ ಇಂಗ್ಲಿಷರಿಗೆ ನೆರವಾದರೆಂಬ ಆರೋಪದ ಮೇಲೆ, 1784ರಲ್ಲಿ ಸಾವಿರಾರು ಕ್ರೈಸ್ತರನ್ನು ಮನೆಮಠ ಬಿಡಿಸಿ ಘಟ್ಟ ಹತ್ತಿಸಲಾಯಿತು. ಚರ್ಚುಗಳು ಕೆಡವಲ್ಪಟ್ಟವು. ದಾರಿಯಲ್ಲಿಯೂ ಸೆರೆಯಲ್ಲಿಯೂ ಅನೇಕರು ಸತ್ತರು. ಬದುಕುಳಿದವರು ಊರಿಗೆ ಮರಳಿದ್ದು 1799ರ ಬಳಿಕ.

“ಅವರಲ್ಲಿ ಚಿಕ್ಕ ಮಕ್ಕಳೂ ಇದ್ದರಾ?” ಎಂದು ಮಗಳು ಕೇಳಿದಳು. ಇದ್ದರು. ಕುಟುಂಬ ಕುಟುಂಬಗಳೇ ನಡೆದಿದ್ದವು. ನಿನ್ನ ತರಗತಿಯಲ್ಲಿ ಆ ಮಾತನ್ನಾಡಿದ ಹುಡುಗ ಬಹುಶಃ ಅಂಥ ಕಥೆಯನ್ನು ಅಜ್ಜಿಯ ಬಾಯಿಂದ ಕೇಳಿರಬಹುದು, ಅವನ ಮೇಲೆ ಕೋಪಿಸಬೇಡ ಎಂದು ಮಗನಿಗೆ ಹೇಳಿದೆವು.

ಶ್ರೀರಂಗಪಟ್ಟಣ: ಗೋಡೆಯ ಮೇಲಿನ ಯುದ್ಧ

ಕಾವೇರಿಯ ನಡುವಿನ ಈ ದ್ವೀಪದಲ್ಲಿ ಮಕ್ಕಳಿಗೆ ಅತ್ಯಂತ ಹಿಡಿಸುವುದು ದರಿಯಾ ದೌಲತ್. 1784ರಲ್ಲಿ ಉದ್ಯಾನದ ನಡುವೆ ಕಟ್ಟಿದ, ಬಹುಪಾಲು ತೇಗದ ಮರದ ಬೇಸಿಗೆ ಅರಮನೆ ಇದು. ಪಶ್ಚಿಮದ ಹೊರಗೋಡೆಯ ತುಂಬ 1780ರ ಸೆಪ್ಟೆಂಬರ್‌ನಲ್ಲಿ ನಡೆದ ಪೊಲ್ಲಿಲೂರು ಯುದ್ಧದ ಚಿತ್ರಗಳಿವೆ. ಕಂಪನಿಯ ಸೈನ್ಯದ ನಾಯಕ ಕರ್ನಲ್ ಬೈಲಿ ಪಲ್ಲಕ್ಕಿಯಲ್ಲಿ ಕುಳಿತು ದಿಗ್ಭ್ರಮೆಯಿಂದ ಬೆರಳು ಕಚ್ಚುತ್ತಿದ್ದಾನೆ. ಮದ್ದಿನ ಬಂಡಿ ಸಿಡಿಯುತ್ತಿದೆ. ಹೈದರನೂ ಟಿಪ್ಪುವೂ ಆನೆ ಕುದುರೆಗಳ ನಡುವೆ ಗಾಂಭೀರ್ಯದಿಂದ ಸಾಗುತ್ತಿದ್ದಾರೆ. ‘ಬೆರಳು ಕಚ್ಚುವ ದೊರೆಯನ್ನು ಹುಡುಕಿ’ ಎಂದು ಮಕ್ಕಳಿಗೆ ಹೇಳಿದರೆ ಸಾಕು, ಅರ್ಧ ಗಂಟೆ ಅವರು ಗೋಡೆಯಿಂದ ಕಣ್ಣು ತೆಗೆಯುವುದಿಲ್ಲ.

ಈ ಚಿತ್ರಗಳ ಕಥೆಯಲ್ಲಿ ಇನ್ನೊಂದು ಸೋಜಿಗವಿದೆ. 1799ರ ಬಳಿಕ ಈ ಅರಮನೆಯಲ್ಲಿ ಕೆಲಕಾಲ ವಾಸಿಸಿದ ಆರ್ಥರ್ ವೆಲ್ಲೆಸ್ಲಿಯೇ ತನ್ನವರ ಸೋಲಿನ ಈ ಚಿತ್ರಗಳನ್ನು ದುರಸ್ತಿ ಮಾಡಿಸಿದ. ಮುಂದೆ ಡಾಲ್‌ಹೌಸಿಯ ಕಾಲದಲ್ಲಿ ಮತ್ತೊಮ್ಮೆ ಅವು ಬಣ್ಣ ಕಂಡವು. ಗೆದ್ದವರು ಅಳಿಸಿಹಾಕಬಹುದಾಗಿದ್ದ ಚಿತ್ರವನ್ನು ಉಳಿಸಿದರು. ಸೋಲಿನ ನೆನಪನ್ನೂ ಕಾಪಾಡುವುದು ಒಂದು ದೊಡ್ಡತನ ಎಂಬುದನ್ನು ಎದುರಾಳಿಯಿಂದಲೂ ಕಲಿಯಬಹುದು.

ಬೆಂಗಳೂರು ದ್ವಾರದ ಬಳಿಯ ಮಸ್ಜಿದೆ ಆಲಾ 1787ರ ಕಾಲದ್ದು. ಅದರ ಎರಡು ಮಿನಾರಗಳು ದೂರದಿಂದಲೇ ಕಾಣಿಸುತ್ತವೆ. ಒಳಗೆ ಕಲ್ಲಿನ ಬರಹಗಳಲ್ಲಿ ಅಲ್ಲಾಹನ ನಾಮಗಳಿವೆ. ಮಕ್ಕಳು ಮದ್ರಸಾದಲ್ಲಿ ಕಲಿತ ಅಸ್ಮಾವುಲ್ ಹುಸ್ನಾವನ್ನು ಬೆರಳಿಟ್ಟು ಓದತೊಡಗಿದಾಗ ನಮಗಾದ ಸಂತೋಷ ಅಷ್ಟಿಷ್ಟಲ್ಲ. ಈ ಮಸೀದಿಯ ಮೊದಲ ನಮಾಝಿಗೆ ಇಮಾಮರಾಗಲು, ಒಂದೂ ನಮಾಝ್ ತಪ್ಪಿಸದವರು ಮುಂದೆ ಬರಬೇಕೆಂದಾಗ ಸುಲ್ತಾನನೇ ಮುಂದೆ ಬಂದನೆಂಬ ಐತಿಹ್ಯವೊಂದಿದೆ. ಅದನ್ನು ಮಕ್ಕಳಿಗೆ ಹೇಳಿದೆವು, ಐತಿಹ್ಯವೆಂದು ಸ್ಪಷ್ಟಪಡಿಸಿಯೇ ಹೇಳಿದೆವು. ಹದೀಸಿನ ಸನದನ್ನು ಪರಿಶೀಲಿಸಿ ಸ್ವೀಕರಿಸುವ ಪರಂಪರೆಯವರು ನಾವು. ಕೇಳಿದ ಕಥೆ ಬೇರೆ, ಸಾಕ್ಷ್ಯವಿರುವ ಸಂಗತಿ ಬೇರೆ ಎಂಬ ಭೇದವನ್ನು ಅರಸರ ಚರಿತ್ರೆಯಲ್ಲಿ ಪಾಲಿಸದಿದ್ದರೆ ಆ ಪರಂಪರೆಯನ್ನು ನಾವೇ ಮರೆತಂತಾಗುತ್ತದೆ. ಪ್ರಯಾಣದಲ್ಲಿ ಲುಹರ್ ಮತ್ತು ಅಸರನ್ನು ಜಂಅ್ ಹಾಗೂ ಖಸ್ರ್ ಆಗಿ ನಿರ್ವಹಿಸುವ ಕ್ರಮವನ್ನು ಮಗಳು ಪುಸ್ತಕದಲ್ಲಿ ಓದಿದ್ದಳು. ಆ ದಿನ ಅದು ಅನುಭವದ ಪಾಠವಾಯಿತು.

ಕೋಟೆಯೊಳಗೆ ರಂಗನಾಥಸ್ವಾಮಿ ದೇವಾಲಯ ಇಂದಿಗೂ ಇದೆ. ಟಿಪ್ಪುವಿನ ಲಾಲ್ ಮಹಲ್ ಅರಮನೆ ನೆಲಸಮವಾಗಿದೆ, ಅದರ ನೆರೆಯ ದೇವಾಲಯ ನಿಂತಿದೆ. 1791ರಲ್ಲಿ ಮರಾಠಾ ದಂಡಿನವರು ಶೃಂಗೇರಿ ಮಠವನ್ನು ಲೂಟಿ ಮಾಡಿದಾಗ, ಟಿಪ್ಪು ಅಲ್ಲಿನ ಸ್ವಾಮಿಗಳಿಗೆ ಗೌರವಪೂರ್ವಕವಾಗಿ ಕನ್ನಡದಲ್ಲಿ ಪತ್ರಗಳನ್ನು ಬರೆಯಿಸಿದ. ನೆರವನ್ನೂ ಕಳುಹಿಸಿದ. 1916ರಲ್ಲಿ ಮೈಸೂರಿನ ಪುರಾತತ್ವ ಇಲಾಖೆಯ ಮುಖ್ಯಸ್ಥರಾಗಿದ್ದ ಆರ್. ನರಸಿಂಹಾಚಾರ್ ಆ ಪತ್ರಗಳನ್ನು ಬೆಳಕಿಗೆ ತಂದರು. ಹಾಗೆಯೇ, ಮೇಲುಕೋಟೆಯ ಮಂಡ್ಯಂ ಅಯ್ಯಂಗಾರರು ತಮ್ಮವರ ಮೇಲೆ ಟಿಪ್ಪುವಿನಿಂದಾದ ಕೃತ್ಯವನ್ನು ನೆನೆದು ನರಕ ಚತುರ್ದಶಿಯನ್ನು ಆಚರಿಸುವುದಿಲ್ಲವೆಂಬುದೂ ಈ ನಾಡಿನ ಸಂಗತಿಯೇ. ಒಂದನ್ನು ಹೇಳಿ ಇನ್ನೊಂದನ್ನು ಬಿಡುವುದು ನ್ಯಾಯವಲ್ಲ.

ನಮ್ಮವರಲ್ಲಿ ಹೆಮ್ಮೆಯ ಭರದಲ್ಲಿ ಅಳತೆ ಮೀರುವವರೂ ಇದ್ದಾರೆ. ಕನ್ನಂಬಾಡಿ ಅಣೆಕಟ್ಟೆಯ ಬಳಿ ಟಿಪ್ಪುವಿನ 1794ರ ಪರ್ಷಿಯನ್ ಶಾಸನವಿದೆ, ಕಾವೇರಿಗೆ ಕಟ್ಟೆ ಕಟ್ಟುವ ಸಂಕಲ್ಪ ಅದರಲ್ಲಿದೆ. ಆ ಸಂಕಲ್ಪ ಶ್ಲಾಘನೀಯವಾದುದು. ಆದರೆ ಇಂದಿರುವ ಅಣೆಕಟ್ಟೆ 1911ರಲ್ಲಿ ಆರಂಭವಾಗಿ ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆಯಲ್ಲಿ, ವಿಶ್ವೇಶ್ವರಯ್ಯ ಮೊದಲಾದವರ ಶ್ರಮದಿಂದ ಎದ್ದು ನಿಂತದ್ದು. ಸಂಕಲ್ಪಿಸಿದವನಿಗೆ ಸಂಕಲ್ಪದ ಶ್ರೇಯ, ಕಟ್ಟಿದವರಿಗೆ ಕಟ್ಟಿದ ಶ್ರೇಯ. ಅವರವರ ಹಕ್ಕನ್ನು ಅವರವರಿಗೆ ಸಲ್ಲಿಸುವುದೇ ಇಸ್ಲಾಮಿನ ‘ಅದ್‌ಲ್’.

ಒತ್ತೆಯಾಳುಗಳಾದ ಬಾಲಕರು

ರಾಜಸ್ಥಳಗಳಲ್ಲಿ ಮಕ್ಕಳ ಮನಸ್ಸನ್ನು ಮುಟ್ಟುವುದು ಅರಸರ ಕಥೆಗಿಂತ ಹೆಚ್ಚಾಗಿ ಅರಸರ ಮಕ್ಕಳ ಕಥೆ. 1792ರಲ್ಲಿ ಕಾರ್ನ್‌ವಾಲಿಸ್‌ನ ಸೈನ್ಯ ಶ್ರೀರಂಗಪಟ್ಟಣವನ್ನು ಮುತ್ತಿದಾಗ ಟಿಪ್ಪು ಶರಣಾಗತಿಯ ಷರತ್ತುಗಳಿಗೆ ಒಪ್ಪಬೇಕಾಯಿತು. ಅರ್ಧ ರಾಜ್ಯ ಹೋಯಿತು. ಮೂರು ಕೋಟಿ ಮೂವತ್ತು ಲಕ್ಷ ರೂಪಾಯಿ ದಂಡ ಬಿತ್ತು. ಹಣ ಸಲ್ಲುವವರೆಗೆ ಇಬ್ಬರು ಗಂಡುಮಕ್ಕಳನ್ನು ಒತ್ತೆಯಿಡಬೇಕೆಂಬುದೂ ಷರತ್ತಾಗಿತ್ತು. ಅಬ್ದುಲ್ ಖಾಲಿಕ್ ಮತ್ತು ಮುಯಿಝುದ್ದೀನ್ ಎಂಬ ಇಬ್ಬರು ಬಾಲಕರು. ಅವರ ವಯಸ್ಸು ಹತ್ತರ ಒಳಗೆ ಅಥವಾ ಅದರ ಆಸುಪಾಸು. ಫೆಬ್ರವರಿ 26ರಂದು ಅವರನ್ನು ಆನೆಯ ಮೇಲೆ ಕುಳ್ಳಿರಿಸಿ ಶತ್ರುವಿನ ಬಿಡಾರಕ್ಕೆ ಕಳುಹಿಸಲಾಯಿತು. ಇಂಗ್ಲಿಷ್ ಚಿತ್ರಕಾರರು ಆ ಸನ್ನಿವೇಶವನ್ನು ಹಲವು ಬಾರಿ ಚಿತ್ರಿಸಿದರು. ಕಾರ್ನ್‌ವಾಲಿಸ್ ತಂದೆಯಂತೆ ಕೈಚಾಚಿ ಮಕ್ಕಳನ್ನು ಸ್ವಾಗತಿಸುವ ಆ ಚಿತ್ರಗಳು ಬ್ರಿಟನ್ನಿನಲ್ಲಿ ಬಲು ಜನಪ್ರಿಯವಾದವು. ಮಕ್ಕಳನ್ನು ಮದರಾಸಿಗೆ ಒಯ್ಯಲಾಯಿತು. ತಂದೆಯ ಮಡಿಲಿಗೆ ಅವರು ಮರಳಿದ್ದು 1794ರಲ್ಲಿ, ಜಮಾಲಾಬಾದಿನ ಕೋಟೆ ಎದ್ದ ಅದೇ ವರ್ಷ.

ದರಿಯಾ ದೌಲತ್‌ನ ಹುಲ್ಲಿನ ಮೇಲೆ ಕುಳಿತು ಈ ಕಥೆ ಹೇಳಿದಾಗ ನಮ್ಮ ಮಗ ತನ್ನ ತಂಗಿಯ ಕೈ ಹಿಡಿದುಕೊಂಡ. “ಅವರ ಉಮ್ಮ ಏನು ಮಾಡಿದರು?” ಎಂದು ಮಗಳು ಕೇಳಿದಳು. ಚರಿತ್ರೆಯ ಗ್ರಂಥಗಳು ದಂಡದ ರೂಪಾಯಿಗಳನ್ನು ಎಣಿಸಿಟ್ಟಿವೆ, ತಾಯಂದಿರ ಕಣ್ಣೀರನ್ನು ಎಣಿಸಿಲ್ಲ. ಮಂಗಳೂರಿನಿಂದ ಘಟ್ಟ ಹತ್ತಿದ ಮಕ್ಕಳಿಗೂ, ಕೊಡಗಿನಿಂದ ಸಾಗಿದ ಮಕ್ಕಳಿಗೂ, ಆನೆಯ ಮೇಲೆ ಹೊರಟ ಈ ಸುಲ್ತಾನನ ಮಕ್ಕಳಿಗೂ ಆ ರಾತ್ರಿ ಒಂದೇ ಬಗೆಯ ಭಯ ಕಾಡಿರಬೇಕು.

ಇನ್ನೊಬ್ಬ ಬಾಲಕನ ಕಥೆಯೂ ಇದರೊಂದಿಗೆ ಸೇರುತ್ತದೆ. 1799ರ ಮೇ 4ರಂದು ಟಿಪ್ಪು ಕೋಟೆಯ ಬಾಗಿಲ ಬಳಿ ಹೋರಾಡುತ್ತ ಮಡಿದ. ಮರುದಿನ ಗುಂಬಝ್‌ನಲ್ಲಿ ತಂದೆ ತಾಯಿಯರ ಪಕ್ಕದಲ್ಲಿ ದಫನವಾದ. ಎರಡು ತಿಂಗಳು ಕಳೆಯುವುದರೊಳಗೆ, ಜೂನ್ 30ರಂದು, ಬ್ರಿಟಿಷರು ಒಡೆಯರ್ ವಂಶದ ಮುಮ್ಮಡಿ ಕೃಷ್ಣರಾಜನನ್ನು ಮೈಸೂರಿನ ಗದ್ದುಗೆಯ ಮೇಲೆ ಕುಳ್ಳಿರಿಸಿದರು. ಆತನಿಗೆ ಆಗ ಐದು ವರ್ಷವೂ ತುಂಬಿರಲಿಲ್ಲ. ಹೈದರ್ ಮತ್ತು ಟಿಪ್ಪು ಇಬ್ಬರಿಗೂ ಸೇವೆ ಸಲ್ಲಿಸಿದ್ದ ಪೂರ್ಣಯ್ಯನೇ ಈ ಬಾಲರಾಜನ ದಿವಾನನಾದ. ಅತ್ತ ಟಿಪ್ಪುವಿನ ಕುಟುಂಬವನ್ನು ವೆಲ್ಲೂರಿನ ಕೋಟೆಗೆ ಸಾಗಿಸಲಾಯಿತು. 1806ರ ವೆಲ್ಲೂರು ದಂಗೆಯ ಬಳಿಕ ದೂರದ ಕಲ್ಕತ್ತೆಗೆ ಕಳುಹಿಸಲಾಯಿತು. ಅಲ್ಲಿ ಸುಲ್ತಾನನ ಮಗ ಗುಲಾಂ ಮುಹಮ್ಮದ್ 1842ರಲ್ಲಿ ಕಟ್ಟಿಸಿದ ಮಸೀದಿ ಧರ್ಮತಲದಲ್ಲಿ ಇಂದಿಗೂ ಟಿಪ್ಪುವಿನ ಹೆಸರು ಹೊತ್ತಿದೆ. ಒಂದೇ ವರ್ಷದಲ್ಲಿ ಒಬ್ಬ ಬಾಲಕನಿಗೆ ಸಿಂಹಾಸನ, ಹಲವು ಬಾಲಕರಿಗೆ ಸೆರೆಮನೆ. ಇಬ್ಬರಲ್ಲಿ ಯಾರೂ ಅದನ್ನು ಬೇಡಿದವರಲ್ಲ. ತಾನಿಚ್ಛಿಸಿದವರಿಗೆ ಅಧಿಕಾರ ನೀಡುವವನೂ, ತಾನಿಚ್ಛಿಸಿದವರಿಂದ ಹಿಂಪಡೆಯುವವನೂ ಅಲ್ಲಾಹನೇ ಎಂಬುದನ್ನು ಮಕ್ಕಳು ಕಂಠಪಾಠ ಮಾಡಿರುತ್ತಾರೆ. ಅದರ ಅರ್ಥ ಗುಂಬಝ್‌ನ ಕಪ್ಪು ಕಲ್ಲಿನ 36 ಕಂಬಗಳ ನಡುವೆ ನಿಂತಾಗ ತಿಳಿಯುತ್ತದೆ. ಅಲ್ಲಿ ನಾವು ಸಲಾಂ ಹೇಳಿ, ದುಆ ಮಾಡಿದೆವು.

ಮಗನ ಪ್ರಶ್ನೆಗೆ ಉತ್ತರ

ಅಂದು ಸಂಜೆ ಕಾವೇರಿಯ ದಡದಲ್ಲಿ ಮಗನ ಪ್ರಶ್ನೆಗೆ ಮರಳಿದೆವು. ನಾವು ಹೇಳಿದ್ದರ ಸಾರ ಇಷ್ಟು: ಟಿಪ್ಪು ನಮ್ಮ ಪ್ರವಾದಿಯಲ್ಲ, ನಮ್ಮ ಇಮಾಮನೂ ಅಲ್ಲ. ಆತ ಒಬ್ಬ ಅರಸ. ಪರದೇಶಿ ಕಂಪನಿಯ ಮುಂದೆ ತಲೆಬಾಗದೆ ರಣರಂಗದಲ್ಲೇ ಪ್ರಾಣಬಿಟ್ಟ ಶೂರ. ರೇಷ್ಮೆ, ವ್ಯಾಪಾರ, ರಾಕೆಟ್ ತಂತ್ರಜ್ಞಾನಗಳಲ್ಲಿ ಕಾಲಕ್ಕಿಂತ ಮುಂದೆ ನೋಡಿದವನು. ಅವನ ಕಾಲದ್ದೆನ್ನಲಾದ ಸಾವಿರಕ್ಕೂ ಹೆಚ್ಚು ರಾಕೆಟ್ಟುಗಳು 2018ರಲ್ಲಿ ಶಿವಮೊಗ್ಗ ಜಿಲ್ಲೆಯ ನಗರದ ಹಾಳುಬಾವಿಯೊಂದರಲ್ಲಿ ದೊರೆತವು. ಆತ ಯುದ್ಧದಲ್ಲಿ ಕ್ರೂರವಾಗಿಯೂ ನಡೆದುಕೊಂಡ. ಅದರಿಂದ ನಿರಪರಾಧಿಗಳು ನೊಂದರು. ಅವನ ಒಳಿತು ನಮ್ಮ ಸ್ವಂತದ ಆಸ್ತಿಯಲ್ಲ, ಈ ನಾಡಿನದು. ಅವನ ತಪ್ಪೂ ನಮ್ಮ ಹೊರೆಯಲ್ಲ, ಯಾರ ಪಾಪದ ಭಾರವನ್ನೂ ಇನ್ನೊಬ್ಬರು ಹೊರುವುದಿಲ್ಲ. ನಮ್ಮ ಹೊರೆ ಒಂದೇ, ಅದು ಸತ್ಯ ಹೇಳುವುದು. ಜನರ ಮೇಲಿನ ದ್ವೇಷವೂ ನ್ಯಾಯದಿಂದ ನಮ್ಮನ್ನು ತಪ್ಪಿಸಬಾರದೆಂದು ಸೂರತುಲ್ ಮಾಇದ ಕಲಿಸುತ್ತದೆ. ಸ್ವಂತದವರ ವಿರುದ್ಧವಾದರೂ ನ್ಯಾಯದ ಸಾಕ್ಷಿಗಳಾಗಿ ನಿಲ್ಲಬೇಕೆಂದು ಸೂರತುನ್ನಿಸಾಅ್ ಕಲಿಸುತ್ತದೆ.

ಏಳು ವರ್ಷದ ಮಗು ಇಷ್ಟನ್ನೆಲ್ಲ ಗ್ರಹಿಸೀತೇ ಎಂಬ ಶಂಕೆ ಸಹಜ. ಅವನು ಗ್ರಹಿಸಿದ್ದು ತನ್ನ ಅಳತೆಯಲ್ಲಿ: “ಹಾಗಾದರೆ ಅವನಿಗೆ ನಾನು ಹೇಳುತ್ತೇನೆ, ಚರ್ಚು ಒಡೆದದ್ದು ತಪ್ಪು, ಆದರೆ ಇಂಗ್ಲಿಷರು ಮಕ್ಕಳನ್ನು ಹಿಡಿದಿಟ್ಟದ್ದೂ ತಪ್ಪು.” ನಮಗೆ ಇದಕ್ಕಿಂತ ಹೆಚ್ಚಿನ ಪಾಂಡಿತ್ಯ ಬೇಕಿರಲಿಲ್ಲ. ಸುಳ್ಳಿನ ಗುರಾಣಿಯಿಲ್ಲದೆ ತನ್ನ ಸಹಪಾಠಿಯ ಕಣ್ಣಲ್ಲಿ ಕಣ್ಣಿಟ್ಟು ಮಾತನಾಡುವ ಮಗುವಿಗೆ ನೆರೆಯವನ ಗೆಳೆತನವನ್ನು ಉಳಿಸಿಕೊಳ್ಳುವುದೂ ಸಾಧ್ಯ.

ಪಾಲಕರಿಗೆ ಕೆಲವು ಮಾತುಗಳು

ಎಳೆಯ ಮಕ್ಕಳೊಂದಿಗೆ ಇಂತಹ ಸ್ಥಳಗಳಿಗೆ ಹೋಗುವವರು ಕೆಲವು ಸಂಗತಿಗಳನ್ನು ಗಮನಿಸಿದರೆ ಪ್ರಯೋಜನವಾದೀತು. ಒಂದು ದಿನಕ್ಕೆ ಎರಡಕ್ಕಿಂತ ಹೆಚ್ಚು ಸ್ಥಳ ಬೇಡ. ದಣಿದ ಮಗುವಿಗೆ ಎಲ್ಲ ಗೋಡೆಯೂ ಒಂದೇ. ಬೆಳಗಿನ ಹೊತ್ತು ಕೋಟೆಗಳಿಗೆ, ಬಿಸಿಲೇರಿದ ಮೇಲೆ ಸಂಗ್ರಹಾಲಯ, ಅರಮನೆಗಳಿಗೆ ಇರಲಿ. ವರ್ಷ, ಇಸವಿಗಳ ಪಟ್ಟಿಗಿಂತ ಒಂದು ಸ್ಥಳಕ್ಕೆ ಒಂದು ಕಥೆ ಸಾಕು. ಶ್ರೀರಂಗಪಟ್ಟಣದ ರೈಲು ಹಳಿಯ ಬಳಿಯ ಟಿಪ್ಪುವಿನ ಶಸ್ತ್ರಾಗಾರವನ್ನು ಜೋಡಿ ಹಳಿ ಹಾಕುವುದಕ್ಕಾಗಿ 2017ರಲ್ಲಿ ಒಡೆಯದೆ, ಇಡೀ ಕಟ್ಟಡವನ್ನೇ ಎತ್ತಿ ನೂರು ಮೀಟರಿಗೂ ಹೆಚ್ಚು ದೂರ ಸರಿಸಲಾಯಿತು. ಹಳೆಯದನ್ನು ಕೆಡವದೆಯೂ ಹೊಸ ದಾರಿ ಮಾಡಬಹುದೆಂಬುದಕ್ಕೆ ಅದೊಂದೇ ಕಥೆ ಸಾಕು.

ಗೋಡೆಗಳ ಮೇಲೆ ಹೆಸರು ಗೀಚುವ ದುರಭ್ಯಾಸ ನಮ್ಮ ಯುವಕರಲ್ಲಿಯೂ ಇದೆ. ಅದು ಸಾರ್ವಜನಿಕ ಅಮಾನತ್ತಿಗೆ ಮಾಡುವ ದ್ರೋಹವೆಂದು ಮಕ್ಕಳಿಗೆ ಮೊದಲೇ ತಿಳಿಸಬೇಕು. ಗೀಚುವ ಬದಲು ಕೈಗೆ ಪೆನ್ಸಿಲ್, ಹಾಳೆ ಕೊಟ್ಟು ಒಂದು ಕಮಾನನ್ನೋ ಒಂದು ಕಂಬವನ್ನೋ ಬಿಡಿಸಲು ಹೇಳಿದರೆ, ಬಿಡಿಸಿದ್ದನ್ನು ಮಗು ಮರೆಯುವುದಿಲ್ಲ. ಮಾರ್ಗದರ್ಶಕರು ಹೇಳಿದ್ದೆಲ್ಲವೂ ಸತ್ಯವಲ್ಲ. ಸುರಂಗ, ನಿಧಿ, ಶಾಪಗಳ ಕಥೆಗಳನ್ನು ಮಕ್ಕಳು ಆನಂದಿಸಲಿ, ಆದರೆ ‘ಇದು ನಿಮಗೆ ಹೇಗೆ ಗೊತ್ತು?’ ಎಂದು ವಿನಯದಿಂದ ಕೇಳುವ ಅಭ್ಯಾಸವನ್ನೂ ಕಲಿಯಲಿ. ದೇಗುಲ, ಬಸದಿ, ಚರ್ಚುಗಳ ಅಂಗಳದಲ್ಲಿ ಅವರವರ ನಿಯಮಗಳನ್ನು ಗೌರವಿಸಬೇಕು. ನಮಾಝಿನ ಸಮಯವನ್ನು ಪ್ರಯಾಣದ ಯೋಜನೆಯೊಳಗೆ ಮೊದಲೇ ಸೇರಿಸಿಕೊಳ್ಳಬೇಕು, ಉಳಿದ ಸಮಯದಲ್ಲಿ ಹುಡುಕುವಂತಾಗಬಾರದು.

ಮೈಸೂರಿನ ಇಂದಿನ ಅರಮನೆಯನ್ನು ನೋಡಿದಾಗ ಅದರ ಹಿಂದಿನ ಬೆಂಕಿಯನ್ನೂ ಹೇಳಬೇಕು. ಮರದ ಹಳೆಯ ಅರಮನೆ 1897ರಲ್ಲಿ ರಾಜಕುಮಾರಿಯ ಮದುವೆಯ ಸಂಭ್ರಮದ ನಡುವೆಯೇ ಸುಟ್ಟುಹೋಯಿತು. ಹೆನ್ರಿ ಇರ್ವಿನ್‌ನ ವಿನ್ಯಾಸದಲ್ಲಿ ಹೊಸದು 1912ರಲ್ಲಿ ಪೂರ್ಣವಾಯಿತು. ದೀಪಗಳು ಬೆಳಗಿದಾಗ ಮಕ್ಕಳ ಬಾಯಿಂದ ಹೊರಡುವ ‘ಮಾಷಾ ಅಲ್ಲಾಹ್’ಗೆ ಬೆಲೆಯಿದೆ. ಕೆಲ ಹೊತ್ತಿಗೆ ಆ ದೀಪಗಳು ಆರಿದ ಬಳಿಕ ಕವಿಯುವ ಕತ್ತಲೆಗೂ ಅಷ್ಟೇ ಬೆಲೆಯಿದೆ. ಅರಸರ ಅಂಗಳಕ್ಕೆ ಮಕ್ಕಳನ್ನು ಕರೆದೊಯ್ಯುವವರು ಅವೆರಡನ್ನೂ ತೋರಿಸಲಿ. ನೋಡಿದ್ದರಿಂದ ಪಾಠ ಕಲಿಯುವ, ಕೇಳಿದ್ದನ್ನು ಪರೀಕ್ಷಿಸುವ, ತಮ್ಮವರ ಬಗ್ಗೆಯೂ ಇತರರ ಬಗ್ಗೆಯೂ ನ್ಯಾಯವಾಗಿ ನುಡಿಯುವ ತಲೆಮಾರೊಂದನ್ನು ಬೆಳೆಸುವ ತೌಫೀಖನ್ನು ಅಲ್ಲಾಹನು ನಮಗೆಲ್ಲರಿಗೂ ದಯಪಾಲಿಸಲಿ. ಆಮೀನ್.